ಉಪ್ಪು, ಸಕ್ಕರೆ ಮತ್ತು ಮಗುವಿನ ಪ್ರಾಣ



ಆಗತಾನೇ ಜನಿಸಿದ ಶಿಶುವಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಆಗಿರುತ್ತದೆ. ಆದರೆ ಅದು ಕೊಡದಲ್ಲಿ ತುಂಬಿಟ್ಟಂಥ ಬರಿಯ ನೀರಲ್ಲ. ಸೋಡಿಯಂ, ಪೊಟ್ಯಾಸಿಯಂ, ಬೈಕಾರ್ಬೊನೇಟ್ ಮೊದಲಾದ ಲವಣಾಂಶಗಳು ಅದರಲ್ಲಿ ಗೊತ್ತಾದ ಪ್ರಮಾಣದಲ್ಲಿ ಕರಗಿರುತ್ತವೆ. ಜೀವಕೋಶಗಳ ಹೊರಗಿನ ದ್ರವದಲ್ಲಿ ಸೋಡಿಯಂ ಅಧಿಕ. ಒಳಗೆ ಪೊಟ್ಯಾಸಿಯಂ ಅಧಿಕ. ನರಗಳು ಸಂದೇಶವನ್ನು ಒಯ್ಯುವುದೂ ಹೃದಯವು ಮಿಡಿಯುವುದೂ ಈ ಸಮತೋಲದಿಂದಲೇ. ಮಗುವಿಗೆ ವಾಂತಿಭೇದಿ ಆದಾಗ ಕೆಡುವುದು ಈ ಸಮತೋಲವೇ.

ಭೇದಿಯಾಗುತ್ತಿರುವ ಮಗುವಿಗೆ ನೀರು ಕುಡಿಸಿದರೆ ಭೇದಿ ಹೆಚ್ಚುವುದೆಂದು ನಂಬಿ, ನೀರನ್ನೂ ಎದೆಹಾಲನ್ನೂ ನಿಲ್ಲಿಸುವವರು ಇಂದಿಗೂ ಇದ್ದಾರೆ. ಈ ನಂಬಿಕೆ ಏಕೆ ತಪ್ಪೆಂಬುದನ್ನು ನಮ್ಮ ಕರುಳಿನ ಕಾರ್ಯವಿಧಾನವೇ ತಿಳಿಸುತ್ತದೆ.

ವಯಸ್ಕರ ಕರುಳಿಗೆ ದಿನವೊಂದಕ್ಕೆ ಸುಮಾರು 8ರಿಂದ 9 ಲೀಟರು ದ್ರವ ಬಂದು ಸೇರುತ್ತದೆ. ಇದರಲ್ಲಿ ನಾವು ಕುಡಿದು ಉಂಡದ್ದು ಸುಮಾರು 2 ಲೀಟರು ಮಾತ್ರ. ಉಳಿದದ್ದು ಜೊಲ್ಲು, ಜಠರರಸ, ಪಿತ್ತರಸ ಮುಂತಾದ ಶರೀರದ್ದೇ ರಸಗಳು. ಆರೋಗ್ಯವಂತನ ಕರುಳು ಇದನ್ನೆಲ್ಲ ಮರಳಿ ಹೀರಿಕೊಂಡು, ಸುಮಾರು 100ರಿಂದ 200 ಮಿಲಿಲೀಟರಿನಷ್ಟನ್ನು ಮಾತ್ರ ಮಲದೊಡನೆ ಹೊರಬಿಡುತ್ತದೆ. ಭೇದಿಯಲ್ಲಿ ಈ ಹೀರುವಿಕೆ ಕುಂದುತ್ತದೆ. ಕಾಲರಾದಂಥ ರೋಗದಲ್ಲಿ ಕರುಳಿನ ಗೋಡೆಯೇ ನೀರನ್ನೂ ಲವಣವನ್ನೂ ಒಳಗೆ ಸುರಿಯತೊಡಗುತ್ತದೆ.

ಹಾಗಿದ್ದರೂ ಒಂದು ಬಾಗಿಲು ತೆರೆದೇ ಇರುತ್ತದೆ. ಕರುಳಿನ ಗೋಡೆಯ ಜೀವಕೋಶಗಳಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಎರಡನ್ನೂ ಜೊತೆಯಾಗಿ ಒಳಗೊಯ್ಯುವ ಒಂದು ವಾಹಕ ಪ್ರೋಟೀನಿದೆ. ಒಂದಿಲ್ಲದೆ ಇನ್ನೊಂದನ್ನು ಅದು ಸಾಗಿಸದು. ಇವೆರಡೂ ಒಳಹೊಕ್ಕಾಗ ನೀರೂ ಅವುಗಳ ಬೆನ್ನುಹತ್ತಿ ಹೋಗುತ್ತದೆ. ಇಂಥ ಜೋಡಿ ಸಾಗಣೆಯನ್ನು 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ಜೀವರಸಾಯನ ವಿಜ್ಞಾನಿ ಪ್ರತಿಪಾದಿಸಿದರು. ಕಾಲರಾದಲ್ಲಿಯೂ ಈ ವಾಹಕವು ತನ್ನ ಕೆಲಸವನ್ನು ಬಿಡುವುದಿಲ್ಲ.

ಇದರ ಪ್ರಯೋಜನ 1971ರಲ್ಲಿ ಪ್ರತ್ಯಕ್ಷವಾಯಿತು. ಬಾಂಗ್ಲಾದೇಶದ ವಿಮೋಚನಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ನರಕ್ಕೆ ಕೊಡುವ ಸಲೈನ್ ದ್ರವ ಸಾಕಾಗದಾಯಿತು. ಆಗ ಡಾ. ದಿಲೀಪ್ ಮಹಲನಾಬಿಸ್ ಅವರು ಲವಣ ಮತ್ತು ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಬಾಯಿಯ ಮೂಲಕ ಕುಡಿಸುವ ಏರ್ಪಾಡು ಮಾಡಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ಇಂದು ಆರೋಗ್ಯ ಕೇಂದ್ರದಲ್ಲಿ ದೊರೆಯುವ ಓ.ಆರ್.ಎಸ್. ಪೊಟ್ಟಣದಲ್ಲಿರುವುದೂ ಇದೇ ಸೂತ್ರ. ವಿಶ್ವ ಆರೋಗ್ಯ ಸಂಸ್ಥೆಯ 2002ರ ಸೂತ್ರದಂತೆ 1 ಲೀಟರು ನೀರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ. ಭೇದಿಯಲ್ಲಿ ಪೊಟ್ಯಾಸಿಯಂ ನಷ್ಟವಾಗಿ ಸ್ನಾಯುಗಳು ಸೋಲುತ್ತವೆ. ಬೈಕಾರ್ಬೊನೇಟ್ ನಷ್ಟವಾಗಿ ರಕ್ತದಲ್ಲಿ ಆಮ್ಲೀಯತೆ ಏರುತ್ತದೆ. ಕೊನೆಯ ಎರಡು ವಸ್ತುಗಳು ಈ ನಷ್ಟಗಳನ್ನು ತುಂಬುತ್ತವೆ.

ಒಂದು ಲೀಟರಿನ ಪೊಟ್ಟಣವನ್ನು ಕುದಿಸಿ ಆರಿಸಿದ 1 ಲೀಟರು ನೀರಿನಲ್ಲಿ ಪೂರ್ತಿಯಾಗಿ ಕರಗಿಸಿರಿ. 24 ಗಂಟೆಗಳ ನಂತರ ಉಳಿದದ್ದನ್ನು ಚೆಲ್ಲಿರಿ. ಪೊಟ್ಟಣ ಸಿಗದಿದ್ದಲ್ಲಿ 1 ಲೀಟರು ಶುದ್ಧ ನೀರಿಗೆ ಮಟ್ಟಸವಾಗಿ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಸೇರಿಸಿರಿ. ಅಳತೆಯಲ್ಲಿ ಉದಾಸೀನ ಸಲ್ಲದು. ಸಕ್ಕರೆ ಮಿತಿಮೀರಿದರೆ ಅದು ಶರೀರದ ನೀರನ್ನೇ ಕರುಳಿಗೆ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ; ಉಪ್ಪು ಮಿತಿಮೀರುವುದೂ ಅಪಾಯಕರ. ನಮ್ಮ ಹಿರಿಯರು ಭೇದಿಗೆ ಉಪ್ಪು ಬೆರೆಸಿದ ಅಕ್ಕಿಗಂಜಿ ಕೊಡುತ್ತಿದ್ದುದರಲ್ಲಿಯೂ ಅರ್ಥವಿದೆ: ಗಂಜಿಯ ಪಿಷ್ಟವು ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗುತ್ತದೆ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಬಾರಿ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರು ದ್ರಾವಣವನ್ನು ಚಮಚದಿಂದ ನಿಧಾನವಾಗಿ ಕುಡಿಸಿರಿ. ವಾಂತಿಯಾದರೆ 10 ನಿಮಿಷ ತಡೆದು ಮತ್ತೆ ಆರಂಭಿಸಿರಿ. ಎದೆಹಾಲನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿರಿ. ಆರೋಗ್ಯ ಕಾರ್ಯಕರ್ತೆಯರು ಕೊಡುವ ಸತುವಿನ ಮಾತ್ರೆಯನ್ನು, ಭೇದಿ ನಿಂತ ಮೇಲೂ, 14 ದಿನ ಪೂರ್ತಿ ಕೊಡಿರಿ.

ಕಣ್ಣು ಗುಳಿಬೀಳುವುದು, ಅತ್ತರೂ ಕಣ್ಣೀರು ಬಾರದಿರುವುದು, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ನಿಧಾನವಾಗಿ ಮರಳುವುದು, ಇವು ನಿರ್ಜಲೀಕರಣದ ಲಕ್ಷಣಗಳು. ಇವು ಕಂಡಾಗ, ಅಥವಾ ಮಗು ಮಂಕಾಗಿ ಕುಡಿಯಲಾರದಾದಾಗ, ಮಲದಲ್ಲಿ ರಕ್ತ ಕಂಡಾಗ, ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿಯುದ್ದಕ್ಕೂ, ಕುಡಿಯಬಲ್ಲ ಮಗುವಿಗೆ ಗುಟುಕು ಗುಟುಕಾಗಿ ದ್ರಾವಣ ಕೊಡುತ್ತಿರಿ.

ಭೇದಿಯಿಂದ ಮಗುವಿನ ಪ್ರಾಣ ಹೋಗುವುದು ಬಹುಮಟ್ಟಿಗೆ ನೀರು ಮತ್ತು ಲವಣಗಳ ನಷ್ಟದಿಂದ. ಆ ನಷ್ಟವನ್ನು ತುಂಬುವ ಕೆಲಸ ಮನೆಯಲ್ಲಿಯೇ, ಮೊದಲನೆಯ ಭೇದಿಯಿಂದಲೇ ಆರಂಭವಾಗಬೇಕು. ಎಳೆಯ ಮಕ್ಕಳಿರುವ ಪ್ರತಿ ಮನೆಯಲ್ಲಿಯೂ ಒಂದೆರಡು ಪೊಟ್ಟಣಗಳು ಸದಾ ಸಿದ್ಧವಾಗಿರಲಿ. ಕಲಸುವ ಕ್ರಮ ಮನೆಯ ಎಲ್ಲ ಹಿರಿಯರಿಗೂ ತಿಳಿದಿರಲಿ.