ಗಾಳದ ಕೊಕ್ಕೆಯಲ್ಲಿ ಮೆದು ಎರೆಯನ್ನು ಭದ್ರವಾಗಿ ನಿಲ್ಲಿಸುವ ಕ್ರಮ

(ಬಾಗಲಗುಂಟೆಯ ಗಾಳಗಾರರಿಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಬೆಂಗಳೂರಿನ ವಾಯವ್ಯಕ್ಕೆ, ತುಮಕೂರು ರಸ್ತೆಯ ಬಳಿಯಲ್ಲಿರುವ ಬಾಗಲಗುಂಟೆಯು ಹಿಂದೆ ರಾಗಿಯ ಹೊಲಗಳ ಮತ್ತು ಕೆರೆಕುಂಟೆಗಳ ನಡುವಣ ಗ್ರಾಮವಾಗಿದ್ದಿತು. ಪೀಣ್ಯದ ಕೈಗಾರಿಕಾ ಪ್ರದೇಶವು ಬೆಳೆದಂತೆಲ್ಲ ಹೊಲಗಳಿದ್ದ ಕಡೆ ಮನೆಗಳೆದ್ದುವು. 2007ರಲ್ಲಿ ದಾಸರಹಳ್ಳಿ ನಗರಸಭೆಯು ಬೆಂಗಳೂರು ಮಹಾನಗರಕ್ಕೆ ಸೇರಿದಾಗ ಈ ಊರೂ ನಗರದ ಭಾಗವಾಯಿತು. ಆದರೂ ಗಾಳ ಹಾಕುವ ಅಭ್ಯಾಸವು ಇಲ್ಲಿ ಅಳಿದಿಲ್ಲ. ವಾರವೆಲ್ಲ ಲೇತಿನ ಮುಂದೆ ನಿಂತು ದುಡಿದವರಲ್ಲಿ ಕೆಲವರು ಭಾನುವಾರ ಬೆಳಗಿನ ಜಾವದಲ್ಲಿ ಕೋಲು ಹಿಡಿದು, ಅನುಮತಿಯಿರುವ ಕೆರೆಗಳನ್ನು ಅರಸಿ ಹೊರಡುವರು. ಇಂತಹವರ ಬಾಯಲ್ಲಿ ಪದೇ ಪದೇ ಬರುವ ದೂರು ಒಂದೇ: ಅಂಗಡಿಯಿಂದ ತಂದ ರಬ್ಬರಿನಂತಹ ಎರೆಯು ಕೊಕ್ಕೆಯಲ್ಲಿ ನಿಲ್ಲದೆ ಜಾರುವುದು, ಇಲ್ಲವೆ ಹರಿದು ನೀರುಪಾಲಾಗುವುದು. ಇದಕ್ಕೆ ಕಾರಣವೇನು, ಪರಿಹಾರವೇನು ಎಂಬುದೇ ಈ ಉಪನ್ಯಾಸದ ವಿಷಯ.

ಹಳೆಯ ಎರೆ ಮತ್ತು ಹೊಸ ಎರೆ

ಎರೆಯನ್ನು ಕೊಕ್ಕೆಯಲ್ಲಿ ನಿಲ್ಲಿಸುವ ತೊಡಕು ಹೊಸದಲ್ಲ. ಕಾವೇರಿಯ ದಡದಲ್ಲಿ ಬಿಳಿಮೀನನ್ನು, ಎಂದರೆ ಮಹಶೀರನ್ನು, ಹಿಡಿಯುತ್ತಿದ್ದವರು ರಾಗಿಯ ಹಿಟ್ಟನ್ನೇ ಎರೆಯಾಗಿ ಉಪಯೋಗಿಸುತ್ತಿದ್ದರು. ಹಿಟ್ಟು ಮೆದುವಾದರೆ ಹೊಳೆಯ ಸೆಳೆತಕ್ಕೆ ಕರಗಿಹೋಗುವುದು. ಆದುದರಿಂದ ಅದನ್ನು ಬೇಯಿಸಿ, ಮುದ್ದೆಗಿಂತಲೂ ಗಟ್ಟಿಯಾಗಿ ನಾದಿ, ಉಂಡೆ ಮಾಡಿ ಕೊಕ್ಕೆಯ ಸುತ್ತಲೂ ಒತ್ತುತ್ತಿದ್ದರು. ಕೆರೆಗಳಲ್ಲಿ ಎರೆಹುಳುವನ್ನು ಪೋಣಿಸುವವರೂ ಹುಳುವಿನ ಉದ್ದಕ್ಕೆ ಕೊಕ್ಕೆಯನ್ನು ಸೇರಿಸಿ, ಬಾಲವನ್ನು ಮಾತ್ರ ಆಡಲು ಬಿಡುವರು. ಈ ಎರಡರಲ್ಲಿಯೂ ಒಂದು ಗುಣವುಂಟು. ರಾಗಿಯ ಉಂಡೆಯು ಕಳಚಿದರೆ ಕೆರೆಯ ಮೀನಿಗೆ ಆಹಾರವಾಗುವುದು; ಹುಳು ಕಳಚಿದರೆ ಅದೂ ಹಾಗೆಯೇ. ನಷ್ಟವು ಗಾಳಗಾರನಿಗೆ ಮಾತ್ರ, ಕೆರೆಗಲ್ಲ.

ಹೊಸ ಎರೆಯ ಸಂಗತಿ ಬೇರೆ. 1949ರಲ್ಲಿ ಅಮೆರಿಕದ ಓಹಾಯೋ ಪ್ರಾಂತದ ಆಕ್ರನ್ ಎಂಬ ಊರಿನಲ್ಲಿ ನಿಕ್ ಕ್ರೀಮ್ ಎಂಬವರು ಮೆದು ಪ್ಲಾಸ್ಟಿಕ್ಕಿನ ಹುಳುವನ್ನು ತಯಾರಿಸಿದರು; ಬಳಿಕ ಅದನ್ನು ಮಾರಾಟಕ್ಕೆ ತಂದರು. ಅಲ್ಲಿಂದೀಚೆಗೆ ಹುಳು, ಕಪ್ಪೆ, ಸಣ್ಣ ಮೀನು ಮುಂತಾದ ರೂಪಗಳಲ್ಲಿ ಇವು ಲೋಕವೆಲ್ಲ ಹರಡಿವೆ. ಇವುಗಳಲ್ಲಿ ಬಹುಭಾಗವು ಪಿ.ವಿ.ಸಿ. ಪ್ಲಾಸ್ಟಿಕ್ಕಿಗೆ ಮೆದುಗೊಳಿಸುವ ಎಣ್ಣೆಯಂತಹ ದ್ರವ್ಯವನ್ನು ಬೆರೆಸಿ ಕಾಯಿಸಿ ಅಚ್ಚಿನಲ್ಲಿ ಎರೆದವು. ಕಪ್ಪೆಯನ್ನೂ ಸಣ್ಣ ಮೀನನ್ನೂ ಹಿಡಿದು ತಿನ್ನುವ ಕೊರವ ಮೀನಿಗೆ ಇವು ಬಲು ಸೊಗಸಾದ ಮೋಸ. ಗೆಂಡೆ, ಕಟ್ಲ, ರೋಹುಗಳನ್ನು ಬಯಸುವವರಿಗೆ ಮಾತ್ರ ಹಿಟ್ಟಿನ ಉಂಡೆಯೇ ಮೇಲು. ಅವು ಪ್ಲಾಸ್ಟಿಕ್ಕಿನ ಹುಳುವನ್ನು ಬೆನ್ನಟ್ಟುವುದು ಅಪೂರ್ವ.

ಎರೆಯು ಜಾರಲು ಕಾರಣಗಳು

ಕೋಲನ್ನು ಬೀಸಿದಾಗ ಕೊಕ್ಕೆಯು ಮುಂದಕ್ಕೆ ಎಳೆಯಲ್ಪಡುವುದು. ಎರೆಯು ತನ್ನ ಭಾರದಿಂದ ಹಿಂದಕ್ಕೆ ಜಗ್ಗುವುದು. ಎಳೆದು ತರುವಾಗ ಜೊಂಡೂ ಕಳೆಯೂ ಅದನ್ನು ಹಿಂದಕ್ಕೆ ತಳ್ಳುವುವು. ಜಿಲೇಬಿ ಮೀನಿನಂತಹ ಸಣ್ಣ ಮೀನುಗಳು ಬಾಲವನ್ನು ಕಚ್ಚಿ ಎಳೆಯುವುವು. ಹೀಗೆ ಪ್ರತಿ ಸಲವೂ ತಲೆಯ ತೂತು ಕೊಂಚ ಕೊಂಚವಾಗಿ ಅಗಲವಾಗಿ, ಕೊನೆಗೆ ಎರೆಯು ಕೊಕ್ಕೆಯ ಬಾಗಿನಲ್ಲಿ ಮುದುಡಿ ನಿಲ್ಲುವುದು. ಮುದುಡಿದ ಎರೆಯು ನೀರಿನಲ್ಲಿ ಗಿರಗಿರನೆ ತಿರುಗಿ ದಾರವನ್ನು ಹುರಿಗೊಳಿಸುವುದಲ್ಲದೆ, ಕೊಕ್ಕೆಯ ಮೊನೆಯನ್ನು ಮುಚ್ಚುವುದರಿಂದ ಕಚ್ಚಿದ ಮೀನೂ ತಪ್ಪಿಹೋಗುವುದು. ಆದಕಾರಣ ಎಲ್ಲಕ್ಕಿಂತ ಮುಖ್ಯವಾದುದು ತಲೆಯ ಹಿಡಿತ.

ಪೋಣಿಸುವ ಕ್ರಮ

1. ಮೊದಲು ಕೊಕ್ಕೆಯನ್ನು ಎರೆಯ ಪಕ್ಕದಲ್ಲಿಟ್ಟು ಅಳೆಯತಕ್ಕದ್ದು. ಕೊಕ್ಕೆಯ ಕಣ್ಣು ಎರೆಯ ಮೂಗಿನ ಸಮಕ್ಕೆ ಬಂದಾಗ ಬಾಗು ಎಲ್ಲಿಗೆ ಬರುವುದೋ ಅಲ್ಲಿ ಉಗುರಿನಿಂದ ಗುರುತು ಮಾಡಬೇಕು. ಮೊನೆಯು ಹೊರಬರಬೇಕಾದುದು ಆ ಗುರುತಿನಲ್ಲಿಯೇ. ಅಳೆಯದೆ ಪೋಣಿಸಿದವರ ಎರೆಯು ಒಂದೋ ಗೂನಾಗುವುದು, ಇಲ್ಲವೆ ಹಿಗ್ಗಿ ಹರಿಯುವುದು.

2. ಕಳೆಯಿಲ್ಲದ ನೀರಿನಲ್ಲಿ, ಮೂಗಿನ ನಡುವೆ ಚುಚ್ಚಿ, ಮೊನೆಯನ್ನು ಎರೆಯ ನಟ್ಟನಡುವೆಯೇ ನಡೆಸಿ, ಗುರುತಿನಲ್ಲಿ ಬೆನ್ನಿನ ಮೇಲಕ್ಕೆ ತೆಗೆಯಬೇಕು. ಕೊಕ್ಕೆಯನ್ನು ತಳ್ಳುವುದಕ್ಕಿಂತ ಎರೆಯನ್ನೇ ಕೊಕ್ಕೆಯ ಮೇಲೆ ಸ್ವಲ್ಪ ಸ್ವಲ್ಪವಾಗಿ ಏರಿಸುವುದು ಒಳ್ಳೆಯದು. ಮುಗಿದ ಮೇಲೆ ಮೇಲಿನಿಂದಲೂ ಪಕ್ಕದಿಂದಲೂ ನೋಡಿದರೆ ಎರೆಯು ಗೆರೆ ಎಳೆದಂತೆ ನೇರವಾಗಿರಬೇಕು.

3. ಜೊಂಡು ತುಂಬಿದ ಕೆರೆಯಲ್ಲಿ ಮೊನೆಯನ್ನು ಮರೆಸಿಡುವ ಕ್ರಮವೇ ಯೋಗ್ಯ. ಮೊನೆಯನ್ನು ಮೂಗಿನಲ್ಲಿ ಕಾಲಂಗುಲದಷ್ಟು ಚುಚ್ಚಿ ಗಂಟಲಿನ ಕಡೆ ಹೊರತೆಗೆದು, ಎರೆಯನ್ನು ಕಣ್ಣಿನವರೆಗೂ ಏರಿಸಿ, ಕೊಕ್ಕೆಯನ್ನು ಅರ್ಧ ಸುತ್ತು ತಿರುಗಿಸಿ, ಗುರುತಿನ ಸ್ಥಳದಲ್ಲಿ ಮೊನೆಯನ್ನು ಮತ್ತೆ ಮೈಯೊಳಗೆ ಸೇರಿಸಬೇಕು. ಇದಕ್ಕೆ ಬಾಗು ಅಗಲವಾಗಿರುವ ಕೊಕ್ಕೆ ಬೇಕು. ಬಾಗು ಕಿರಿದಾದರೆ ಮೀನು ಕಚ್ಚಿದಾಗ ಎರೆಯು ಸರಿದು ಮೊನೆಗೆ ಎಡೆ ಸಿಕ್ಕದು.

ತಲೆಯನ್ನು ಬಿಗಿಯುವ ಉಪಾಯಗಳು

ಅಂಟು: ಅಂಗಡಿಗಳಲ್ಲಿ ಸಿಕ್ಕುವ ಸೂಪರ್ ಗ್ಲೂ ಒಂದು ಹನಿ ಸಾಕು. ಎರೆಯ ತಲೆಯ ಎಣ್ಣೆಯನ್ನೂ ತೇವವನ್ನೂ ಬಟ್ಟೆಯಿಂದ ಒರಸಿ, ಕೊಕ್ಕೆಯ ಕಣ್ಣಿನ ಕೆಳಗೆ ಹನಿಯನ್ನಿಟ್ಟು, ಎರೆಯನ್ನು ಅದರ ಮೇಲಕ್ಕೆ ಸರಿಸಿ ಹಿಡಿದುಕೊಂಡಿರಬೇಕು. ಹನಿ ಹೆಚ್ಚಾದರೆ ತಲೆಯು ಕಲ್ಲಿನಂತಾಗುವುದು, ಬೆರಳುಗಳೂ ಅಂಟುವುವು.

ಅಡ್ಡಗೂಟ: ಎರೆಯ ಮೂಗನ್ನು ಕೊಕ್ಕೆಯ ಕಣ್ಣಿನ ಮೇಲಕ್ಕೆ ಏರಿಸಿ, ದಪ್ಪ ನೈಲಾನ್ ದಾರದ ತುಂಡೊಂದನ್ನು ಎರೆಯ ಒಂದು ಪಕ್ಕದಿಂದ ಕಣ್ಣಿನೊಳಗೆ ಹಾಯಿಸಿ ಇನ್ನೊಂದು ಪಕ್ಕಕ್ಕೆ ತೆಗೆದು, ಎರಡು ಕಡೆಯೂ ಮೈಸಮಕ್ಕೆ ಕತ್ತರಿಸಬೇಕು. ನೊಗಕ್ಕೆ ಗೂಟ ಹಾಕಿದಂತೆ ತಲೆಯು ನಿಲ್ಲುವುದು. ಖರ್ಚು ಏನೂ ಇಲ್ಲವಾದುದರಿಂದ ಇದು ಎಲ್ಲರಿಗೂ ಸಾಧ್ಯ.

ಬಿಗಿಗೊಳವೆ: ಪೀಣ್ಯದ ಕಾರ್ಖಾನೆಗಳಲ್ಲಿ ತಂತಿಯ ಬೆಸುಗೆಯನ್ನು ಮುಚ್ಚಲು ಬಳಸುವ, ಬಿಸಿ ತಗುಲಿದರೆ ಕುಗ್ಗುವ ಕೊಳವೆಯನ್ನು ಕೆಲಸಗಾರರು ಹೀಟ್ ಶ್ರಿಂಕ್ ಎನ್ನುವರು. ಅದರ ಒಂದು ತುಂಡನ್ನು ಕೊಕ್ಕೆಯ ಕಾಲಿಗೆ ತೊಡಿಸಿ ಬಿಸಿಮಾಡಿದರೆ ನುಣುಪಾದ ಉಕ್ಕಿನ ಮೇಲೆ ಒರಟಾದ ಹಿಡಿತ ದೊರೆಯುವುದು. ಕೊಳವೆಯ ಅಂಚನ್ನು ಓರೆಯಾಗಿ ಕತ್ತರಿಸಿದರೆ ಅದೇ ಸಣ್ಣ ಮುಳ್ಳಿನ ಕೆಲಸ ಮಾಡುವುದು. ಮೋಟಾರಿನ ಸುರುಳಿ ಸುತ್ತಿ ಕೈಪಳಗಿದವರು ತೆಳುವಾದ ತಾಮ್ರದ ತಂತಿಯನ್ನು ಕಾಲಿನ ಸುತ್ತ ಒತ್ತಾಗಿ ಸುತ್ತಿಯೂ ಇದೇ ಫಲವನ್ನು ಪಡೆಯಬಹುದು.

ತಿರುಪು: ಕಣ್ಣಿಗೆ ಸೇರಿಸಿದ ಸಣ್ಣ ತಿರುಪಿನ ಸುರುಳಿಯಿರುವ ಕೊಕ್ಕೆಗಳೂ ದೊರೆಯುವುವು. ಎರೆಯ ಮೂಗನ್ನು ಆ ಸುರುಳಿಗೆ ತಿರುಗಿಸಿ ಏರಿಸಿದರಾಯಿತು. ಬೆಲೆ ಹೆಚ್ಚು, ಆದರೆ ಎರೆಯು ಹರಿಯದೆ ಬಹುಕಾಲ ಬಾಳುವುದು.

ಯಾವ ಉಪಾಯವನ್ನು ಹಿಡಿದರೂ ಮೊದಲ ಎಸೆತಕ್ಕೆ ಮುಂಚೆ ಬಾಲವನ್ನು ಹಿಡಿದು ಮೆಲ್ಲನೆ ಎಳೆದು ನೋಡಬೇಕು. ದಡದಲ್ಲಿಯೇ ಜಾರುವ ಎರೆಯು ನೀರಿನಲ್ಲಿ ನಿಲ್ಲದು.

ಎರೆಯ ಜೋಪಾಸನೆ

ತಲೆಯ ತೂತು ಅಗಲವಾದೊಡನೆ ಎರೆಯನ್ನು ಎಸೆಯಬೇಕಾದುದಿಲ್ಲ. ಹಾಳಾದ ಕಾಲಂಗುಲವನ್ನು ಕತ್ತರಿಸಿ ತೆಗೆದು, ಗಟ್ಟಿಯಾದ ಭಾಗದಲ್ಲಿ ಹೊಸದಾಗಿ ಪೋಣಿಸಬಹುದು. ಸೀಳಿದ ಎರೆಯ ಎರಡು ಅಂಚುಗಳನ್ನು ಕಾದ ಚಾಕುವಿಗೆ ಕ್ಷಣಮಾತ್ರ ತಾಗಿಸಿ ಒತ್ತಿಹಿಡಿದರೆ ಕೂಡಿಕೊಳ್ಳುವುವು. ಈ ಕೆಲಸವನ್ನು ಬಯಲಿನಲ್ಲಿಯೇ ಮಾಡತಕ್ಕದ್ದು, ಪಿ.ವಿ.ಸಿ. ಕರಿಕಾದರೆ ಹೊರಡುವ ಹೊಗೆಯು ಶ್ವಾಸಕ್ಕೆ ಕೆಟ್ಟದ್ದು. ಅಡಿಗೆಯ ಪಾತ್ರೆ ಮತ್ತು ಚಾಕುಗಳನ್ನು ಇದಕ್ಕೆ ಮುಟ್ಟಲೇಬಾರದು. ಎರೆಗಳನ್ನು ಬಿಸಿಲಿನಲ್ಲಿಡದೆ, ಬಂದ ಚೀಲದಲ್ಲಿಯೇ ಚಪ್ಪಟೆಯಾಗಿ ಇಡಬೇಕು. ಅವುಗಳಲ್ಲಿರುವ ಎಣ್ಣೆಯು ಕೆಲವು ಬಗೆಯ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗಳನ್ನು ಕರಗಿಸಿ ಅಂಟುಮಾಡುವುದು.

ಕೆರೆಯ ಹಿತ

ಇಷ್ಟೆಲ್ಲ ಶ್ರಮವು ಒಂದು ಎರೆಯ ಬೆಲೆಯನ್ನು ಉಳಿಸುವುದಕ್ಕಾಗಿಯೇ ಎಂದು ಯಾರಾದರೂ ಕೇಳಬಹುದು. ಅದಕ್ಕಿಂತ ದೊಡ್ಡ ಕಾರಣವುಂಟು. ರಾಗಿಯ ಉಂಡೆಯಂತೆ ಪ್ಲಾಸ್ಟಿಕ್ ಎರೆಯು ಕರಗದು, ಕೊಳೆಯದು. ಕೊಕ್ಕೆಯಿಂದ ಜಾರಿದುದು ತಳದಲ್ಲಿ ಉಳಿಯುವುದು. ಎಷ್ಟೋ ಬಗೆಗಳು ನೀರಿನಲ್ಲಿ ನೆನೆದು ಉಬ್ಬುವುವು. ಮೀನಿನ ಕಣ್ಣಿಗೆ ಮಾತ್ರ ಅದು ಇನ್ನೂ ಹುಳುವೇ. 2009ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಬ್ರೂಕ್ ಟ್ರೌಟ್ ಎಂಬ ಮೀನುಗಳು ನೀರಿನಲ್ಲಿ ಹಾಕಿದ ಇಂತಹ ಎರೆಗಳನ್ನು ತಾವಾಗಿಯೇ ನುಂಗಿದುವು. ನುಂಗಿದ ಮೀನುಗಳು ತೂಕವನ್ನು ಕಳೆದುಕೊಂಡುವು. ಜೀರ್ಣವಾಗದ ವಸ್ತುವು ಹೊಟ್ಟೆಯಲ್ಲಿ ಎಡೆಯನ್ನು ಹಿಡಿದಿರುವಾಗ ಆಹಾರಕ್ಕೆ ಎಡೆಯೆಲ್ಲಿ?

ಬೆಂಗಳೂರಿನ ಸುತ್ತಣ ಕೆರೆಗಳು ಚರಂಡಿಯ ಮತ್ತು ಕಾರ್ಖಾನೆಗಳ ಕೊಳೆಯನ್ನು ಈಗಾಗಲೇ ಬೇಕಾದಷ್ಟು ಹೊತ್ತಿವೆ. ಮನರಂಜನೆಗಾಗಿ ಹೋದವನು ಆ ಹೊರೆಗೆ ತನ್ನದೊಂದು ತುಣುಕನ್ನು ಸೇರಿಸಬಾರದು. ಹರಿದ ತುಂಡುಗಳನ್ನು ಜೇಬಿನ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದು, ಕಸದ ಗಾಡಿಗೆ ಕೊಡತಕ್ಕದ್ದು, ಸುಡಕೂಡದು. ಕೆರೆಯ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರಬಹುದಾದುದರಿಂದ ಗಾಳ ಬಿಡುವ ಮುಂಚೆ ಸಂಬಂಧಪಟ್ಟವರ ಅನುಮತಿಯನ್ನು ಪಡೆಯುವುದೂ ಅವಶ್ಯ. ಕೆಂಪು ಮರಿಗಳ ಗುಂಪನ್ನು ಕಾಯುತ್ತಿರುವ ಕೊರವ ಮೀನನ್ನು ಕಂಡರೆ ಅಲ್ಲಿ ಗಾಳವನ್ನು ಬಿಡಲೇಬಾರದು. ತಾಯಿತಂದೆಗಳು ಹೋದರೆ ಆ ಮರಿಗಳೆಲ್ಲ ಬೇರೆ ಮೀನುಗಳ ಪಾಲಾಗುವುವು.

ಸಾರಾಂಶ

ಅಳೆದು ಪೋಣಿಸಬೇಕು, ನೇರವಾಗಿ ಪೋಣಿಸಬೇಕು, ತಲೆಯನ್ನು ಬಿಗಿಯಬೇಕು, ಎಳೆದು ಪರೀಕ್ಷಿಸಬೇಕು, ಹರಿದುದನ್ನು ಹಿಂದಕ್ಕೆ ತರಬೇಕು. ಹಿಂದಿನವರ ಗಾಳದಿಂದ ಜಾರಿದುದು ಮೀನಿಗೆ ಉಣಿಸಾಯಿತು. ಇಂದಿನ ಗಾಳದಿಂದ ಏನೂ ಜಾರದಂತೆ ನೋಡಿಕೊಂಡರೆ, ಈ ಕೆರೆಗಳ ದಡದಲ್ಲಿ ಮುಂದಿನವರೂ ಕೋಲು ಹಿಡಿದು ಕುಳಿತುಕೊಳ್ಳಬಹುದು.