ಮಗುವನ್ನು ಗದರುವವರ ಬಳಿ ನಿಂತಾಗ



ಮೊನ್ನೆ ಆಸ್ಪತ್ರೆಯ ಸಾಲಿನಲ್ಲಿ ನನ್ನ ಹಿಂದೆ ಒಬ್ಬ ತಾಯಿ ನಿಂತಿದ್ದಳು. ಹೆಗಲ ಮೇಲೆ ಜ್ವರದ ಕೂಸು, ಕಾಲ ಬಳಿ ಅಳುವ ಪುಟ್ಟ ಹುಡುಗ. "ನೀನು ಹುಟ್ಟದಿದ್ದರೇ ಚೆನ್ನಾಗಿತ್ತು" ಎಂದು ಅವನ ಮೇಲೆ ಕಿರುಚಿದಳು. "ಮಕ್ಕಳನ್ನು ಹೀಗಾ ಬೆಳೆಸುವುದು?" ಎಂದರು ಯಾರೋ. ಹುಡುಗನಿಗೆ ಪೆಟ್ಟೂ ಬಿತ್ತು. ಪರಸ್ತ್ರೀ ಎಂಬ ನೆಪದಲ್ಲಿ ನಾನು ಸುಮ್ಮನಿದ್ದೆ. ನನ್ನ ಸರದಿ ಬಿಟ್ಟುಕೊಡಲು ಅದೇನೂ ಅಡ್ಡಿಯಾಗಿರಲಿಲ್ಲ. ಆಗ ಒಬ್ಬ ವೃದ್ಧೆ, "ಎಷ್ಟು ಹೊತ್ತಿನಿಂದ ನಿಂತಿದ್ದೀಯಲ್ಲ ಮಗಳೇ, ಕೂಸನ್ನು ಇತ್ತ ಕೊಡು, ಕುಳಿತುಕೋ" ಎಂದರು. ಆಕೆ ಅತ್ತುಬಿಟ್ಟಳು. ಸ್ವಲ್ಪ ಹೊತ್ತಿನಲ್ಲಿ ಹುಡುಗ ಆಕೆಯ ಮಡಿಲಲ್ಲಿದ್ದ.

ಪ್ರವಾದಿವರ್ಯರು(ಸ) ದೀರ್ಘವಾಗಿ ನಮಾಝ್ ಮಾಡಬೇಕೆಂದು ನಿಂತಾಗಲೂ ಮಗುವಿನ ಅಳು ಕೇಳಿದರೆ ಅದನ್ನು ಚುಟುಕುಗೊಳಿಸುತ್ತಿದ್ದರು. ಆ ಅಳುವಿನಿಂದ ತಾಯಿಗಾಗುವ ಸಂಕಟ ಅವರಿಗೆ ತಿಳಿದಿತ್ತು. ಅನಸ್(ರ) ವರದಿ ಮಾಡಿದ ಈ ಹದೀಸ್ ಬುಖಾರಿಯಲ್ಲಿದೆ. ನಾವೋ, ಸಫ್‌ನಲ್ಲಿ ಮಗು ಓಡಿದರೆ ಸಲಾಮ್ ಹೇಳಿದ ಕೂಡಲೇ ತಂದೆಯನ್ನು ದುರುಗುಟ್ಟಿ ನೋಡುತ್ತೇವೆ. ಆ ಅವಮಾನವೆಲ್ಲ ಮನೆಯ ದಾರಿಯಲ್ಲಿ ಮಗುವಿನ ಮೇಲೆ ಇಳಿಯುತ್ತದೆ.

ಕೈ ಮಿತಿಮೀರಿದರೆ ನೋಡುತ್ತ ನಿಲ್ಲಬೇಡಿ, ಅಡ್ಡ ಹೋಗಿ ಮಗುವನ್ನು ಬದಿಗೆ ಕರೆದುಕೊಳ್ಳಿ. ಬಿರುಸು ಮಾತಷ್ಟೇ ಆದರೆ ಚೀಲ ಹಿಡಿದುಕೊಳ್ಳಿ, ಕೂರಲು ಜಾಗ ಕೊಡಿ. ಮೊಬೈಲಿನಲ್ಲಿ ಚಿತ್ರೀಕರಿಸುವುದಂತೂ ಬೇಡ. ಬುದ್ಧಿ ಹೇಳಲೇಬೇಕಿದ್ದರೆ ಇನ್ನೊಂದು ದಿನ, ಮಗುವಿನ ಎದುರಲ್ಲದೆ ಹೇಳಿ.

ಇಂದು ಹಿಂದಿನ ಸಫ್‌ನಲ್ಲಿ ಇಬ್ಬರು ಪುಟಾಣಿಗಳಿದ್ದಾರೆ. ನಮಾಝ್ ಮುಗಿದ ಬಳಿಕ ಅವರ ತಂದೆಗೆ ನಗುತ್ತ ಕೈಕೊಡಿ.