ಕಲ್ಲಿನ ಮೇಲೊಂದು ಹೆಸರು

ನನ್ನ ಹೆಸರು ಕಿಟ್ಟಯ್ಯ. ಇದು ತಾತನ ಹೆಸರು. ಅವರಿಗೆ ಅವರ ತಾತನಿಂದ ಬಂದದ್ದು. ಚೊಚ್ಚಲ ಮಗನಿಗೆ ತಂದೆಯ ತಂದೆಯ ಹೆಸರಿಡುವುದು ನಮ್ಮಲ್ಲಿ ರೂಢಿ. ಆದರೆ ಈ ರೂಢಿಗೆ ಇನ್ನೊಂದು ರೂಢಿ ಅಡ್ಡ ಬರುತ್ತಿತ್ತು. ಸೊಸೆಯಾದವಳು ಮಾವನ ಹೆಸರನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೀಗಾಗಿ ನನ್ನ ತಾಯಿ ಬದುಕಿರುವವರೆಗೂ ನನ್ನನ್ನು 'ಅಪ್ಪಯ್ಯ' ಎಂದೇ ಕರೆದರು. ಮನೆಯಲ್ಲಿ ಕಿಟ್ಟಯ್ಯ ಎಂದು ಕೂಗುತ್ತಿದ್ದವರು ತಂದೆಯೊಬ್ಬರೇ.

ಶಾಲೆಯಲ್ಲಿ ಹಾಜರಿ ಕರೆದಾಗ ಹುಡುಗರು ನಗುತ್ತಿದ್ದರು. ಕೃಷ್ಣನೆಂಬ ಹೆಸರನ್ನು ನಾಲಗೆ ತಿರುಗದವರು ಕೆಡಿಸಿ ಕಿಟ್ಟನನ್ನು ಮಾಡಿದರೆಂದು ಮೇಷ್ಟರು ವಿವರಿಸಿದರು. ಎಸ್ಸೆಸ್ಸೆಲ್ಸಿಯ ಅರ್ಜಿಯಲ್ಲಿ ನಾನು ಕೃಷ್ಣಮೂರ್ತಿಯಾದೆ. ತಂದೆ ಸಹಿ ಹಾಕಿ, "ನಮ್ಮಪ್ಪನ ಹೆಸರಿಗೆ ಏನು ಕೊರತೆಯಾಗಿತ್ತಪ್ಪಾ?" ಎಂದಷ್ಟೇ ಕೇಳಿದರು. ನಾನು ಉತ್ತರಿಸಲಿಲ್ಲ. ಅಂದಿನಿಂದ ಅವರೂ ನನ್ನನ್ನು ಆ ಹೆಸರಿನಿಂದ ಕರೆಯಲಿಲ್ಲ.

ಯಲಹಂಕದ ನಮ್ಮ ಮನೆಗೆ ಹೆಬ್ಬಾಳ ದೂರವೇನಲ್ಲ. ಅಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂತು. ಲಿಪಿಯ ಆಧಾರದಿಂದ ಅದು ಸುಮಾರು ಕ್ರಿ.ಶ. 750ರದ್ದೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಗಂಗರ ಶ್ರೀಪುರುಷನು ರಾಜ್ಯವಾಳುತ್ತಿದ್ದ ಕಾಲ; ಪೆರ್ಬೊಳಲ್ ನಾಡು ಮೂವತ್ತಕ್ಕೆ ಪೆಳ್ನಾಗತ್ತರಸನ ಒಡೆತನ. ರಟ್ಟವಾಡಿಯವರು, ಎಂದರೆ ರಾಷ್ಟ್ರಕೂಟರ ಕಡೆಯವರು, ಏರಿ ಬಂದಾಗ ಹೋರಾಡಿ ಮಡಿದವನ ಹೆಸರು ಆ ಕಲ್ಲಿನ ಮೇಲಿದೆ. ಕಿಟ್ಟಯ್ಯ! ವಾರ್ತಾಪತ್ರಿಕೆಯಲ್ಲಿ ಅದನ್ನು ಓದಿದಾಗ ಯಾರೋ ಹಿಂದಿನಿಂದ ನನ್ನನ್ನೇ ಕೂಗಿದಂತಾಯಿತು.

ಆ ವೀರನು ನಮ್ಮ ವಂಶದವನೆಂದು ಹೇಳಿಕೊಳ್ಳುವ ಭ್ರಮೆ ನನಗಿಲ್ಲ. ನನ್ನನ್ನು ಕಾಡಿದ್ದು ಬೇರೆ. 'ಬೆಂಗಳೂರು' ಎಂಬ ಮಾತಿರುವ ಬೇಗೂರಿನ ಶಾಸನ ಸುಮಾರು 890ರದ್ದು. ಈ ಹೆಸರು ಅದಕ್ಕಿಂತ ಒಂದೂವರೆ ಶತಮಾನದಷ್ಟು ಹಿರಿಯದು. ಇನ್ನು ಊರಿನ ಹೆಸರನ್ನೇ ನೋಡಿ. ಹಿರಿದಾದ ಪೊಳಲು, ಅಂದರೆ ದೊಡ್ಡ ಪಟ್ಟಣ, ಪೆರ್ಬೊಳಲ್ ಆಗಿತ್ತು. ಪಕಾರ ಹಕಾರವಾಗಿ, ನಡುವಿನ ಅಕ್ಷರಗಳು ಸವೆದು, ಇಂದು ಹೆಬ್ಬಾಳವಾಗಿದೆ. ಊರಿಗೆ ಊರೇ ಗುರುತು ಸಿಗದಂತೆ ಬದಲಾದರೂ ಅಲ್ಲಿ ಸತ್ತವನ ಹೆಸರು ನನ್ನ ತಂದೆಯ ಬಾಯಿಯವರೆಗೆ ಹಾಗೆಯೇ ನಡೆದುಬಂದಿತ್ತು.

ಮೇಷ್ಟರ ಮಾತಿನಲ್ಲಿ ಅರ್ಧ ನಿಜವಿತ್ತು. ವಿಷ್ಣು ಬಿಟ್ಟಿಯಾದ ದಾರಿಯಲ್ಲೇ ಕೃಷ್ಣ ಕಿಟ್ಟನಾದದ್ದು. ಆದರೆ ಹೊಯ್ಸಳ ವಿಷ್ಣುವರ್ಧನನನ್ನು ಬಿಟ್ಟಿದೇವನೆಂದಾಗ ತರಗತಿಯಲ್ಲಿ ಯಾರೂ ನಗಲಿಲ್ಲ. ರಾಷ್ಟ್ರಕೂಟರ ಮೂರನೆಯ ಕೃಷ್ಣನೇ ಶಾಸನಗಳಲ್ಲಿ ಕನ್ನರದೇವ. ಸಿಂಹಾಸನದ ಮೇಲಿದ್ದವನಿಗೆ ಶೋಭಿಸಿದ ತದ್ಭವ ಹಳ್ಳಿಯ ಹುಡುಗನಿಗೆ ಮಾತ್ರ ಅಪಭ್ರಂಶವಾಯಿತೇ? ಕೆಡಿಸಿದವರು ಯಾರು, ಕಾಪಾಡಿದವರು ಯಾರು ಎಂಬುದನ್ನು ನಾನು ಈ ವಯಸ್ಸಿನಲ್ಲಿ ತಿರುಗಿ ಲೆಕ್ಕ ಹಾಕಬೇಕಾಯಿತು.

ತಂದೆಗೆ ಈ ಸುದ್ದಿ ತಿಳಿಸುವ ಕಾಲ ಮೀರಿತ್ತು. ಕಲ್ಲು ಸಿಗುವ ವೇಳೆಗೆ ಅವರಿರಲಿಲ್ಲ. ಪಿಂಚಣಿಯ ಕಾಗದಗಳಲ್ಲಿ ಇಂದಿಗೂ ಕೃಷ್ಣಮೂರ್ತಿಯೇ ಇದ್ದಾನೆ. ಅವನನ್ನು ಕದಲಿಸುವುದು ಆಗದ ಮಾತು. ಮೊನ್ನೆ ಮೊಮ್ಮಗ ಶಾಲೆಯ ಪುಸ್ತಕದಲ್ಲಿ ವಂಶವೃಕ್ಷ ಬರೆಯುತ್ತ, "ತಾತ, ನಿಮ್ಮ ಹೆಸರು ಏನಂತ ಹಾಕಲಿ?" ಎಂದ. ನಾನು ಹೇಳಿದೆ. ಅವನು ನಗಲಿಲ್ಲ. 'ಟ'ಕ್ಕೆ ಒತ್ತು ಇದೆಯೇ ಎಂದು ಕೇಳಿ, ಬರೆದುಕೊಂಡ.